ಮೆತ್ತಗಾದ ಬ್ರೇಕು ಹೇಳುವ ಮಾತು

ಕಲಾ ಕಾಲೇಜಿನ ವಿದ್ಯಾರ್ಥಿಗೆ ಕಾರಿನ ಬ್ರೇಕಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದನ್ನು ತರ್ಕಶಾಸ್ತ್ರ ನಮಗೆ ಕಲಿಸುತ್ತದೆಯಷ್ಟೆ. ಅದೇ ತರ್ಕವನ್ನು ಒಬ್ಬ ಮಿಸ್ತ್ರಿಯವರು ಪಾನಾ ಹಿಡಿದು ನಡೆಸಿದುದನ್ನು ನಾನು ಕಣ್ಣಾರೆ ಕಂಡೆನು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಬಾಡಿಗೆ ಕಾರುಗಳಲ್ಲಿ ಓಡಾಡುವ ನಮಗೆಲ್ಲ ಅದು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೋದರಮಾವನವರು ಸಿಂಧನೂರಿನ ಒಂದು ಗ್ಯಾರೇಜಿನಲ್ಲಿ ತಮ್ಮ ಕಾರಿನ ಮುಂದಿನ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡು ಹಾಕಿಸಿದರು. ಪೆಡಲನ್ನು ತುಳಿದರೆ ಹತ್ತಿಯ ಮೂಟೆಯ ಮೇಲೆ ಕಾಲಿಟ್ಟಂತೆ ಒಳಗಿಳಿಯಿತು. “ಎರಡು ದಿನ ಓಡಿಸ್ರಿ, ತಾನಾ ಗಟ್ಟಿ ಆಗ್ತೈತಿ” ಎಂದು ಅಲ್ಲಿಯ ಹುಡುಗ ಹೇಳಿದನು. ಮಾವನವರು ಒಪ್ಪದೆ, ಕಾರನ್ನು ಅಲ್ಲಿಯೇ ನಿಲ್ಲಿಸಿ, ಲಿಂಗಸುಗೂರಿನ ಪರಿಚಿತ ಹಿರಿಯ ಮಿಸ್ತ್ರಿಯೊಬ್ಬರಿಗೆ ಫೋನು ಮಾಡಿದರು. ಅವರು ಮಸ್ಕಿಯ ಮೇಲೆ ಬಸ್ಸಿನಲ್ಲಿ ಬಂದಿಳಿದರು.

ಕಾಲಿನ ಒತ್ತಡ ಚಕ್ರವನ್ನು ಮುಟ್ಟುವುದು ಬ್ರೇಕ್ ಆಯಿಲಿನ ಮೂಲಕ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸಿನ ಪಾಸ್ಕಲನು (1623–1662) ತೋರಿಸಿಕೊಟ್ಟನು. ದ್ರವವು ಒತ್ತಿದರೆ ಕುಗ್ಗುವುದಿಲ್ಲವೆಂದೇ ಹೇಳಬೇಕು, ಗಾಳಿಯಾದರೋ ಕುಗ್ಗುತ್ತದೆ. ನಳಿಗೆಯಲ್ಲಿ ಗಾಳಿ ಸೇರಿದರೆ ಕಾಲಿನ ಶ್ರಮವೆಲ್ಲ ಅದನ್ನು ಕುಗ್ಗಿಸುವುದರಲ್ಲಿಯೇ ಕಳೆದುಹೋಗುತ್ತದೆ.

ಹೊಸ ಪ್ಯಾಡು ಹಳೆಯದಕ್ಕಿಂತ ದಪ್ಪ. ಅದನ್ನು ಕೂರಿಸಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕಾಗುತ್ತದೆ. ಆದಕಾರಣ ಮೊದಲ ಕೆಲವು ತುಳಿತಗಳು ಆಳಕ್ಕೆ ಹೋಗುವುದು ಸಹಜವೇ. ಕಾರು ನಿಂತಿರುವಾಗಲೇ ಆ ತುಳಿತಗಳನ್ನು ಮುಗಿಸಬೇಕು. ಪ್ಯಾಡು ಡಿಸ್ಕನ್ನು ಮುಟ್ಟಿದ ಮೇಲೂ ಪೆಡಲು ಮೆತ್ತಗಿದ್ದರೆ ದೋಷವುಂಟೆಂದೇ ತಿಳಿಯಬೇಕು.

“ಏನಾಗೈತಿ ಅಂತ ಕಾಲು ಹೇಳತೈತಿ ತಮ್ಮಾ, ಕೇಳಬೇಕಷ್ಟ” ಎಂದು ಮಿಸ್ತ್ರಿಯವರು ಎಂಜಿನ್ ಆರಿಸಿ ಪೆಡಲನ್ನು ಹಲವು ಸಲ ತುಳಿದರು. ಅವರು ವಿವರಿಸಿದಂತೆ ಉತ್ತರಗಳು ಮುಖ್ಯವಾಗಿ ಮೂರು.

ಮೊದಲನೆಯದು, ತುಳಿದಂತೆಲ್ಲ ಪೆಡಲು ಮೇಲೇರಿದರೂ ರಬ್ಬರಿನಂತೆ ಜಗ್ಗುವುದು, ಸ್ವಲ್ಪ ಹೊತ್ತು ಬಿಟ್ಟು ತುಳಿದರೆ ಮತ್ತೆ ಕೆಳಗಿಳಿಯುವುದು. ಇದು ಗಾಳಿಯ ಲಕ್ಷಣ. ಎರಡನೆಯದು, ಒತ್ತಿ ಹಿಡಿದಾಗ ಪೆಡಲು ಮೆಲ್ಲಗೆ ಕುಸಿಯುತ್ತಲೇ ಹೋಗುವುದು. ಆಗ ಚಕ್ರ, ನಳಿಗೆಗಳಲ್ಲಿ ಆಯಿಲಿನ ಪಸೆ ಹುಡುಕಬೇಕು. ಎಲ್ಲಿಯೂ ಸೋರದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಣ ರಬ್ಬರು ಸವೆದಿರಬಹುದು. ಮೂರನೆಯದು, ಪೆಡಲು ಬಹಳ ಕೆಳಗಿಳಿದು ಅಲ್ಲಿ ಗಟ್ಟಿಯಾಗಿ ನಿಲ್ಲುವುದು. ಹಿಂದಿನ ಡ್ರಮ್ಮಿನಲ್ಲಿ ಅಂತರ ಹೆಚ್ಚಾಗಿದ್ದರೆ ಅಥವಾ ಪ್ಯಾಡು ಓರೆಯಾಗಿ ಕುಳಿತಿದ್ದರೆ ಹೀಗಾಗುವುದುಂಟು. ಎಂಜಿನ್ ಚಾಲೂ ಮಾಡಿದಾಗ ಪೆಡಲು ತುಸು ಇಳಿಯುವುದು ಮಾತ್ರ ದೋಷವಲ್ಲ. ಅದು ಬೂಸ್ಟರಿನ ಕೆಲಸ.

ನಮ್ಮ ಕಾರು ಕೊಟ್ಟುದು ಮೊದಲನೆಯ ಉತ್ತರ. ನೋಡಿದರೆ ಎಡಚಕ್ರದ ನಿಪ್ಪಲಿನ ಸುತ್ತ ಪಸೆಯಿದ್ದಿತು. ಪಿಸ್ಟನ್ ತಳ್ಳುವಾಗ ಅದನ್ನು ಸಡಿಲಿಸಿದ್ದರು. ನಾನು ಪೆಡಲನ್ನು ಒತ್ತಿ ಹಿಡಿದೆನು. ಮಿಸ್ತ್ರಿಯವರು ನಿಪ್ಪಲನ್ನು ತೆರೆದು, ನಾನು ಕಾಲೆತ್ತುವ ಮುನ್ನವೇ ಮುಚ್ಚಿದರು. ಆಯಿಲಿನ ಬಟ್ಟಲು ಬರಿದಾಗದಂತೆ ತುಂಬುತ್ತ, ಸೀಸೆಗಿಳಿಸಿದ ಕೊಳವೆಯಲ್ಲಿ ಗುಳ್ಳೆ ನಿಲ್ಲುವವರೆಗೂ ಹೀಗೆಯೇ ಮಾಡಿದೆವು. ಪೆಡಲು ಮೇಲೆದ್ದು ಕಲ್ಲಿನಂತೆ ನಿಂತಿತು. ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಗಾಳಿ ತೆಗೆಯಲು ಬೇರೆ ಯಂತ್ರವೂ ಬೇಕಾಗುತ್ತದೆ.

ಹಾಕುವ ಆಯಿಲು ಹೊಸದಾಗಿರಬೇಕು, ಮುಚ್ಚಳದ ಮೇಲೆ ಸೂಚಿಸಿದ ಜಾತಿಯದೇ ಆಗಿರಬೇಕು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಆಯಿಲು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಹಬೆ, ಹಬೆಯೂ ಗಾಳಿಯಂತೆಯೇ ಕುಗ್ಗುವುದು.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಕೆಲವು ಕಿಲೋಮೀಟರು ಬೇಕೆಂಬುದು ನಿಜ. ಆದರೆ ಓಡಿಸಿದ ಮಾತ್ರಕ್ಕೆ ಒಳಗಿನ ಗಾಳಿ ಹೊರಬೀಳದು. ಎರಡು ಮೂರು ಸಲ ತುಳಿದರೆ ಹಿಡಿಯುತ್ತದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ. ಭತ್ತದ ಲಾರಿಯ ಮರೆಯಿಂದ ಕುರಿಹಿಂಡೊಂದು ರಸ್ತೆಗಿಳಿದಾಗ ಒಂದೇ ಸಲ ತುಳಿಯಲು ವೇಳೆಯಿರುತ್ತದೆ. ಆದುದರಿಂದ ಮಿತ್ರರೇ, ಬ್ರೇಕಿನ ಕೆಲಸವಾದ ಕಾರು ಗ್ಯಾರೇಜಿನ ಅಂಗಳವನ್ನು ಬಿಡುವ ಮೊದಲೇ ಪೆಡಲನ್ನು ಒತ್ತಿ ಹಿಡಿದು ನೋಡಿರಿ; ಅದು ಗಟ್ಟಿಯಾಗುವವರೆಗೆ ಹೊರಡಬೇಡಿರಿ.