ಸಾವನದುರ್ಗದ ದಾರಿಗೆ ಹಳೆಯ ಫಿಯೆಟ್ಟಿನ ಬ್ರೇಕ್ ಸಾಕೇ?

ಮಾಗಡಿ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಸಾವನದುರ್ಗದ ಕಡೆ ಹೊರಟ ಕಾರುಗಳ ನಡುವೆ ಈಗಲೂ ಒಮ್ಮೊಮ್ಮೆ ಒಂದು ಪ್ರೀಮಿಯರ್ ಪದ್ಮಿನಿ ಕಣ್ಣಿಗೆ ಬೀಳುತ್ತದೆ. ತಾತನೋ ಅಪ್ಪನೋ ಕೊಂಡ ಕಾರನ್ನು ಜತನದಿಂದ ಉಳಿಸಿಕೊಂಡವರು ಪೇಂಟು ಹೊಡೆಸಿ, ಸೀಟು ಹೊಲಿಸಿ, ಎಂಜಿನ್ ಬಿಚ್ಚಿಸಿ ಕಟ್ಟಿಸಿದ ಮೇಲೆ ಸಾಮಾನ್ಯವಾಗಿ ಕೇಳುವುದು ಇದನ್ನೇ: ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಲೇ? ‘ಹಾಕ್ಸಿ ಸಾರ್, ಹೊಸ ಗಾಡಿ ಥರ ನಿಲ್ಲುತ್ತೆ’ ಎಂಬ ಉತ್ತರ ಗ್ಯಾರೇಜಿನಲ್ಲಿ ಸಿದ್ಧವಾಗಿರುತ್ತದೆ. ಅದರಲ್ಲಿ ನಿಜವೂ ಇದೆ. ಆದರೆ ಎಷ್ಟು ನಿಜ ಎಂಬುದು ನೀವು ಯಾವ ರಸ್ತೆಯಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ 1964ರಲ್ಲಿ ಫಿಯೆಟ್ 1100 ಡಿ ಕಾರನ್ನು ಇಲ್ಲಿ ತಯಾರಿಸತೊಡಗಿತು. 1089 ಸಿಸಿ ಎಂಜಿನ್, ಸುಮಾರು 900 ಕಿಲೋ ತೂಕ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಎರಡು ವರ್ಷದ ನಂತರ ಇಟಲಿಯಲ್ಲಿ ಫಿಯೆಟ್ ಕಂಪನಿ ಇದೇ ಸಾಲಿನ 1100 ಆರ್ ಕಾರಿಗೆ ಮುಂದೆ ಡಿಸ್ಕ್ ಕೊಟ್ಟಿತು. ಆ ಸುಧಾರಣೆ ನಮ್ಮ ಕಡೆಗೆ ಬರಲಿಲ್ಲ. 1970ರ ದಶಕದಲ್ಲಿ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು, ಡ್ರಮ್ ಹಾಗೆಯೇ ಉಳಿಯಿತು. ಹಾಗಾಗಿ ಡಿಸ್ಕ್ ಹಾಕಿಸುವ ಆಸೆಯನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ತಯಾರಕರಿಗೇ ಅದು ಬೇಕೆನಿಸಿತ್ತು.

ಡ್ರಮ್ ಬ್ರೇಕ್ ದುರ್ಬಲ ಎಂಬ ಮಾತು ಮಾತ್ರ ತಪ್ಪು. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಬ್ರೇಕ್ ಆಯಿಲ್ಲಿನ ಒತ್ತಡ ವೀಲ್ ಸಿಲಿಂಡರಿಗೆ ಹೋಗಿ, ಅಲ್ಲಿಂದ ಎರಡು ಶೂಗಳನ್ನು ಡ್ರಮ್ಮಿನ ಒಳಗೋಡೆಗೆ ಅದುಮುತ್ತದೆ. ತಿರುಗುತ್ತಿರುವ ಡ್ರಮ್ಮು ಮುಂದಿನ ಶೂವನ್ನು ತನ್ನ ಜೊತೆಗೆ ಎಳೆದುಕೊಳ್ಳಲು ನೋಡುತ್ತದೆ, ಎಳೆದಷ್ಟೂ ಶೂ ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಬಾಗಿಲ ಕೆಳಗೆ ಇಟ್ಟ ಬೆಣೆ, ಬಾಗಿಲು ನೂಕಿದಷ್ಟೂ ಬಿಗಿಯುವುದಿಲ್ಲವೇ, ಹಾಗೆ. ಡಿಸ್ಕಿಗೆ ಈ ಸಹಾಯವಿಲ್ಲ. ಪ್ಯಾಡುಗಳು ಎರಡು ಬದಿಯಿಂದ ನೇರವಾಗಿ ಅದುಮುತ್ತವೆ, ಪೂರ್ತಿ ಬಲ ಕಾಲಿನಿಂದಲೇ ಬರಬೇಕು. ಬೂಸ್ಟರ್ ಇಲ್ಲದೆ ಡಿಸ್ಕ್ ಹಾಕಿಸಿದವರು ಪೆಡಲ್ ಕಲ್ಲಿನಂತಾಯಿತು ಎನ್ನುವುದು ಇದಕ್ಕೇ.

ಕಾರನ್ನು ಕೊನೆಗೆ ನಿಲ್ಲಿಸುವುದು ಬ್ರೇಕ್ ಅಲ್ಲ, ಟೈರು. ಬ್ರೇಕ್ ಚಕ್ರವನ್ನು ತಡೆಯುತ್ತದೆ, ಟೈರು ರಸ್ತೆಯನ್ನು ಹಿಡಿಯುತ್ತದೆ. ಚಕ್ರ ಲಾಕ್ ಆಗುವಷ್ಟು ಬಲ ಡ್ರಮ್ಮಿಗೇ ಇದ್ದರೆ ಅದಕ್ಕಿಂತ ದೊಡ್ಡ ಬ್ರೇಕ್ ಹಾಕಿಸಿದರೂ ಕಾರು ಒಂದಡಿ ಮೊದಲು ನಿಲ್ಲುವುದಿಲ್ಲ. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.7 ಎಂದುಕೊಂಡರೆ ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು, 80ರಿಂದ 36 ಮೀಟರ್. ಕಣ್ಣು ಕಂಡದ್ದಕ್ಕೆ ಕಾಲು ಸ್ಪಂದಿಸಲು ಒಂದು ಸೆಕೆಂಡ್ ಹಿಡಿದರೆ ಮತ್ತೆ 17 ಅಥವಾ 22 ಮೀಟರ್ ಕೂಡುತ್ತದೆ. ಮಾಗಡಿಯಿಂದ ಸಾವನದುರ್ಗದ ದಾರಿಯಲ್ಲಿ ತಿರುವಿನಾಚೆ ದನವೋ ಉಬ್ಬೋ ಎದುರಾದಾಗ ಈ ಲೆಕ್ಕವೇ ಕೆಲಸ ಮಾಡುವುದು. ಅಲ್ಲಿ ವೇಗವನ್ನು 80ರಿಂದ 60ಕ್ಕೆ ಇಳಿಸಿದರೆ ಸಿಗುವ ಲಾಭವನ್ನು ಯಾವ ಡಿಸ್ಕೂ ಕೊಡಲಾರದು. ಹತ್ತು ವರ್ಷದ ಗಟ್ಟಿಯಾದ ಟೈರುಗಳನ್ನು ಇಟ್ಟುಕೊಂಡು ಡಿಸ್ಕಿಗೆ ಹಣ ಸುರಿಯುವುದಂತೂ ವ್ಯರ್ಥ.

ಹಾಗಾದರೆ ಡಿಸ್ಕಿನ ಹೆಚ್ಚುಗಾರಿಕೆ ಎಲ್ಲಿದೆ? ಶಾಖದಲ್ಲಿ. ಓಡುವ ಕಾರಿನ ಚಲನಶಕ್ತಿಯನ್ನು ಬ್ರೇಕ್ ಶಾಖವಾಗಿಸಿ ಗಾಳಿಗೆ ಬಿಡಬೇಕು. ಜನ, ಸಾಮಾನು ಸೇರಿ 1100 ಕಿಲೋ ತೂಗುವ ಪದ್ಮಿನಿ 60 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಹುಟ್ಟುವುದು ಸುಮಾರು ಒಂದೂವರೆ ಲಕ್ಷ ಜೂಲ್. ಅದೇ ಕಾರು ಇಳಿಜಾರಿನಲ್ಲಿ 100 ಮೀಟರ್ ಎತ್ತರ ಕಳೆದುಕೊಂಡರೆ ಬಿಡುಗಡೆಯಾಗುವುದು ಹನ್ನೊಂದು ಲಕ್ಷ ಜೂಲಿನ ಹತ್ತಿರ, ಎಂದರೆ ಅಂಥ ಏಳು ನಿಲುಗಡೆಗಳಿಗೆ ಸಮ. 1478 ಮೀಟರ್ ಎತ್ತರದ ನಂದಿಬೆಟ್ಟದಿಂದ ಅಥವಾ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಿಂದ ಟಾಪ್ ಗೇರಿನಲ್ಲಿ ಇಳಿಯುವವರ ಡ್ರಮ್ಮಿಗೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಶಾಖಕ್ಕೆ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಲೈನರಿನ ಅಂಟುಪದಾರ್ಥ ಬೆಂದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದಾಗಲೇ ತಡವಾಗಿರುತ್ತದೆ. ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ತಣಿಯುತ್ತದೆ, ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಮಳೆನೀರನ್ನು ಒಂದೆರಡು ಸುತ್ತಿನಲ್ಲಿ ಕೊಡವಿಕೊಳ್ಳುತ್ತದೆ. ಹಳ್ಳ ದಾಟಿದ ಡ್ರಮ್ಮಿಗೆ ಒಣಗಲು ಸಮಯ ಬೇಕು.

ಸಾವನದುರ್ಗ 1226 ಮೀಟರ್ ಎತ್ತರದ ಏಕಶಿಲೆ. ಆದರೆ ಅದನ್ನು ಕಾಲ್ನಡಿಗೆಯಲ್ಲಿ ಹತ್ತಬೇಕು, ಕಾರು ಬುಡದ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಸ್ಥಾನಗಳ ಬಳಿಯೇ ಉಳಿಯುತ್ತದೆ. ಮಾಗಡಿಯಿಂದ ಅಲ್ಲಿಗೆ ಹನ್ನೆರಡು ಕಿ.ಮೀ. ಆಸುಪಾಸಿನ ಏರಿಳಿತದ ದಾರಿ, ಒಂದು ಇಳಿತ ಮುಗಿದು ಇನ್ನೊಂದು ಬರುವಷ್ಟರಲ್ಲಿ ಡ್ರಮ್ ತಣ್ಣಗಾಗುತ್ತದೆ. ಸುಸ್ಥಿತಿಯ ಡ್ರಮ್ಮಿಗೆ ಇದು ಭಾರವೇ ಅಲ್ಲ.

ಸುಸ್ಥಿತಿ ಎಂಬ ಮಾತಿನ ಮೇಲೆ ನನ್ನ ಒತ್ತು. ಹಳೆಯ ಕಾರಿನ ಬ್ರೇಕ್ ಸರಿಯಿಲ್ಲ ಎಂದು ದೂರುವವರ ಕಾರಿನಲ್ಲಿ ಹೆಚ್ಚಾಗಿ ತಪ್ಪಿರುವುದು ವಿನ್ಯಾಸದ್ದಲ್ಲ, ಆರೈಕೆಯದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಹೀರಿದ ಆಯಿಲ್ಲಿಗೆ ಆ ಮಿತಿ 140 ಮಾತ್ರ. ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ತಾಗುತ್ತದೆ, ಕಾರು ಮುಂದೆ ಹೋಗುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಏರ್ ತೆಗೆಸಿ. ವೀಲ್ ಸಿಲಿಂಡರಿನ ರಬ್ಬರುಗಳನ್ನು ಬದಲಾಯಿಸಿ, ಡ್ರಮ್ ಅಂಡಾಕಾರವಾಗಿದ್ದರೆ ಲೇತಿಗೆ ಹಾಕಿಸಿ, ಶೂ ಅಡ್ಜಸ್ಟ್ ಮಾಡಿಸಿ. ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು, ಆ ಧೂಳನ್ನು ಗಾಳಿ ಹೊಡೆದು ಹಾರಿಸಲು ಮೆಕ್ಯಾನಿಕ್ಕಿಗೆ ಬಿಡಬೇಡಿ. ಅವರ ಶ್ವಾಸಕೋಶದ ಪ್ರಶ್ನೆ ಅದು.

ಇಷ್ಟಾದ ಮೇಲೂ ಬ್ರೇಕಿಗೆ ಖರ್ಚು ಮಾಡುವ ಮನಸ್ಸಿದ್ದರೆ ನನ್ನ ಮೊದಲ ಆಯ್ಕೆ ಡಿಸ್ಕ್ ಅಲ್ಲ, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್. ಆ ಕಾಲದ ಸಣ್ಣ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಆಯಿಲ್ ಮಾರ್ಗವಿರುವುದು ಸಾಮಾನ್ಯ. ಒಂದು ಹೋಸ್ ಒಡೆದರೆ ನಾಲ್ಕೂ ಹೋದಂತೆ. ಮಾರ್ಗವನ್ನು ಎರಡಾಗಿಸಿದರೆ ಅರ್ಧ ಬ್ರೇಕಾದರೂ ಉಳಿಯುತ್ತದೆ. ಡಿಸ್ಕನ್ನೇ ಹಾಕಿಸುವುದಾದರೆ ಎರಡು ವಿಷಯ ಕೇಳಿ ತಿಳಿಯಿರಿ. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಸ್ವಲ್ಪ ಒತ್ತಡವನ್ನು ಹಿಡಿದಿಡುವಂಥದ್ದಾದರೆ ಡಿಸ್ಕಿನ ಪ್ಯಾಡುಗಳು ಸದಾ ಉಜ್ಜುತ್ತಿರುತ್ತವೆ, ಅದನ್ನು ಬದಲಿಸಲೇಬೇಕು. ಮುಂದು ಹಿಂದಿನ ಬಲದ ಹೊಂದಾಣಿಕೆ ಕೆಟ್ಟು ಹಿಂಚಕ್ರಗಳು ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ. ಜೊತೆಗೆ, ಐವತ್ತು ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ವಾಹನವಾಗಿ ನೋಂದಾಯಿಸುವ ಯೋಚನೆಯಿದ್ದರೆ ಅದು ಮೂಲ ರೂಪದಲ್ಲಿರಬೇಕು, ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ.

ಕುಟುಂಬ ಸಮೇತ ಘಟ್ಟ ಇಳಿಯುವ ಅಭ್ಯಾಸವಿದ್ದವರಿಗೆ ಮುಂದಿನ ಡಿಸ್ಕ್, ಬೂಸ್ಟರ್ ಸಹಿತ, ಕೊಟ್ಟ ಹಣಕ್ಕೆ ತಕ್ಕದ್ದು. ಮಾಗಡಿ, ಸಾವನದುರ್ಗ, ಮಂಚನಬೆಲೆ ಸುತ್ತಿ ಸಂಜೆಗೆ ಮನೆ ಸೇರುವವರಿಗೆ ಅದರ ಅಗತ್ಯವಿಲ್ಲ. ಅದೇ ಹಣದಲ್ಲಿ ನಾಲ್ಕು ಹೊಸ ಟೈರು, ಹೊಸ ಲೈನರು, ಹೊಸ ಆಯಿಲ್ ಹಾಕಿಸಿ, ಇಳಿಜಾರಿನಲ್ಲಿ ಹತ್ತುವಾಗ ಬಳಸುವ ಗೇರಿನಲ್ಲೇ ಇಳಿಯಿರಿ.