ಏರು ಹತ್ತುವ ನೀರು

ಮುಂದೆ ಏನಾಗುವೆ ಎಂದು ಕೇಳಿದರೆ ‘ಇಂಜಿನಿಯರ್’ ಎನ್ನುವ ವಿದ್ಯಾರ್ಥಿಗಳಿಗೆ ನಮ್ಮ ಯಾದಗಿರಿ ಸೀಮೆಯಲ್ಲಿ ಬರವಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ಈ ಉತ್ತರದ ಬೆಳೆ ಹುಲುಸಾಗಿಯೇ ಬಂದಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಶಹಾಪುರ, ಸುರಪುರಗಳ ಕಡೆ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದ ನಾನು ಆ ಉತ್ತರವನ್ನು ಎಷ್ಟು ಸಲ ಕೇಳಿದೆನೆಂಬುದರ ಲೆಕ್ಕವಿಟ್ಟಿಲ್ಲ. ಬಹುಪಾಲು ಅದು ಮನೆಯ ಹಿರಿಯರ ಮಾತು. ಹುಡುಗನ ಬಾಯಿಂದ ಹೊರಬಿದ್ದಿರುತ್ತದೆ, ಅಷ್ಟೆ. ಸ್ವಂತದ ಆಸೆ ಯಾವುದು, ಕೇಳಿ ಕಲಿತ ಆಸೆ ಯಾವುದು ಎಂದು ಗುರುತಿಸಲು ನಾನು ಬಲ್ಲ ಉಪಾಯ ಒಂದೇ: ಪಾಠಕ್ಕೆ ಸಂಬಂಧಿಸದ ಯಾವ ಪ್ರಶ್ನೆಯನ್ನು ಅವನು ಕೇಳುತ್ತಾನೆಂದು ಕಾದು ನೋಡುವುದು.

ಅಂಥ ಒಂದು ಪ್ರಶ್ನೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಹುಡುಗನ ಹೆಸರು ಬೇಡ. ಅವನಿನ್ನೂ ಓದುತ್ತಿದ್ದಾನೆ, ಮೇಲಾಗಿ ನಾಚಿಕೆಯ ಸ್ವಭಾವದವನು. ಶಹಾಪುರ ತಾಲೂಕಿನ ಒಂದು ಹಳ್ಳಿಯಿಂದ, ಕಾಲುವೆಯ ದಂಡೆ ಹಿಡಿದು ನಡೆದು ಬರುತ್ತಿದ್ದ. ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಗಣಿತದ ತಾಸು ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದ: “ಸರ, ಕೆನಾಲ್ ನೀರು ಏರಿಗಿ ಹೊಂಟದಲ್ರೀ, ಹ್ಯಾಂಗ್ರೀ?”

ಹುಡುಗನ ಕಣ್ಣು ಸುಳ್ಳಾಡಿರಲಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯನ್ನೂ ಅದರ ಶಾಖೆಗಳನ್ನೂ ಕಂಡವರಿಗೆ ಈ ಅನುಭವ ಹೊಸದಲ್ಲ. ಪಕ್ಕದ ರಸ್ತೆ ಹಳ್ಳದ ಕಡೆಗೆ ಬೇಗ ಬೇಗ ಇಳಿಯುತ್ತದೆ. ಕಾಲುವೆಯಾದರೋ ಗುಡ್ಡದ ಮಗ್ಗುಲನ್ನು ತಬ್ಬಿಕೊಂಡು ಇಳಿಯಲೋ ಬೇಡವೋ ಎಂಬಂತೆ ಸಾಗುತ್ತದೆ. ಕಣ್ಣು ರಸ್ತೆಯನ್ನೇ ಸಮವೆಂದು ನಂಬಿ, ನೀರು ಏರು ಹತ್ತುತ್ತಿದೆ ಎಂದು ತೀರ್ಮಾನಿಸುತ್ತದೆ. ಇಂಥ ದೊಡ್ಡ ಕಾಲುವೆಗಳಿಗೆ ಸಾಮಾನ್ಯವಾಗಿ ಹತ್ತು ಸಾವಿರ ಅಡಿಗೆ ಒಂದೆರಡು ಅಡಿಯಷ್ಟು ಮಾತ್ರ ಇಳಿಜಾರು ಕೊಡುತ್ತಾರೆ. ಹೆಚ್ಚು ಕೊಟ್ಟರೆ ನೀರು ತನ್ನ ತಳವನ್ನೇ ಕೊರೆಯುತ್ತದೆ. ಕಡಿಮೆ ಕೊಟ್ಟರೆ ಹೂಳು ಕೂಡುತ್ತದೆ. ಎತ್ತರವನ್ನು ಜಿಪುಣನಂತೆ ಖರ್ಚುಮಾಡಿದರೆ ಮಾತ್ರ ದೂರದ ಹೊಲಕ್ಕೆ ನೀರು ಏರಿಬಂದೀತು.

ಇದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸಿದನೇ ಹೊರತು ನಂಬಲಿಲ್ಲ. ಅವನ ಸೋದರಮಾವ ಗೌಂಡಿ. ಮನೆಯ ತಳಪಾಯದ ಮಟ್ಟ ನೋಡಲು ಗೌಂಡಿಗಳು ನೀರು ತುಂಬಿದ ಪಾರದರ್ಶಕ ಪೈಪನ್ನು ಬಳಸುವುದನ್ನು ವಾಚಕರು ಕಂಡಿರಬಹುದು. ಪೈಪಿನ ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಪೈಪನ್ನು ಎರವಲು ತಂದು, ತಮ್ಮನನ್ನು ಇನ್ನೊಂದು ತುದಿಗೆ ನಿಲ್ಲಿಸಿಕೊಂಡು, ಕಾಲುವೆಯ ಗುಂಟ ನೂರು ಅಡಿ ಅಳೆದು ಸೋಮವಾರ ಬಂದು ಹೇಳಿದ: “ಇಳಿಜಾರೇ ಇಲ್ರೀ ಸರ.” ನಾನು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಹತ್ತು ಸಾವಿರಕ್ಕೆ ಒಂದರ ಇಳಿಜಾರೆಂದರೆ ನೂರು ಅಡಿಗೆ ಒಂದು ಜೋಳದ ಕಾಳಿನ ದಪ್ಪ. ಪೈಪಿನಲ್ಲಿ ಅದು ಕಾಣುವುದೆಂತು? ಸಾವಿರ ಅಡಿ ಹೋದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಹುಡುಗ ಸಾವಿರ ಅಡಿ ಹೋದ. ಗೂಟ ನೆಟ್ಟು, ಗುರುತು ಹಾಕಿ, ಮೂರು ಭಾನುವಾರ ಮೂರು ಸಲ ಅಳೆದ. ಮೂರು ಸಲದ ಲೆಕ್ಕ ಮೂರು ಬಗೆಯಾಯಿತು. ಆದರೆ ಮೂರರಲ್ಲಿಯೂ ನೀರು ಇಳಿದಿತ್ತು. ಇಂಜಿನಿಯರನಾಗಬೇಕೆಂಬ ಮಾತನ್ನು ಅವನು ನನ್ನೆದುರು ಆಡಿದ್ದು ಆಮೇಲೆ.

ಈ ನೆಲದಲ್ಲಿ ಕಾಲೇಜಿನ ಮುಖ ಕಾಣದೆ ಇಂಜಿನಿಯರಿಂಗ್ ಕಲಿತವನೊಬ್ಬನು ಹಿಂದೆಯೂ ಇದ್ದನು. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಹದಿನೈದನೆಯ ವಯಸ್ಸಿಗೇ ಮುಂಬಯಿಯ ವ್ಯಾಪಾರಿಯೊಬ್ಬನಲ್ಲಿ ದುಡಿಯಲೆಂದು ಹಡಗು ಹತ್ತಿದವನು. ಭೂಮಾಪನ, ನಿರ್ಮಾಣಶಾಸ್ತ್ರ, ಕಾನೂನು, ಭೂಗರ್ಭಶಾಸ್ತ್ರ ಎಲ್ಲವನ್ನೂ ತಾನೇ ಓದಿ, ಮಾಡಿ ಕಲಿತನು. ಸುರಪುರದ ನಾಯಕ ದೊರೆಗಳು ಕಟ್ಟಿಸಿದ ಬೋನಾಳದ ಕೆರೆಯನ್ನು ಮತ್ತೆ ಕಟ್ಟಿಸಿದವನು ಅವನೇ. ರಾಜನಕೋಳೂರಿನ ಪ್ರಾಚೀನ ಶಿಲಾಸಮಾಧಿಗಳ ವಿವರವನ್ನು ವಿದ್ವತ್ಪತ್ರಿಕೆಗಳಿಗೆ ಬರೆದವನೂ ಅವನೇ. ಅವನು ಪ್ರತಿನಿಧಿಸಿದ ಆಳ್ವಿಕೆಯನ್ನು ನಾನು ಹೊಗಳುತ್ತಿಲ್ಲ. ಅವನ ಕಣ್ಣೆದುರು ಬೆಳೆದ ಬಾಲಕ ರಾಜಾ ವೆಂಕಟಪ್ಪ ನಾಯಕನೇ ಆ ಆಳ್ವಿಕೆಯ ವಿರುದ್ಧ ಎದ್ದು 1858ರಲ್ಲಿ ಬಂಧನದಲ್ಲಿ ಮಡಿದುದನ್ನು ಸುರಪುರದವರು ಮರೆಯುವಂತಿಲ್ಲ. ಟೇಲರನ ಕುತೂಹಲದ ಬೆನ್ನಿಗೆ ಅಧಿಕಾರವಿತ್ತು, ಆಳುಗಳಿದ್ದರು. ನಮ್ಮ ಹುಡುಗನಿಗೆ ಇದ್ದುದು ಎರವಲು ಪೈಪು ಮತ್ತು ತಮ್ಮ.

ಇನ್ನು ಛಲದ ಮಾತು. 1956ರ ನವೆಂಬರ್ 1ರ ವರೆಗೆ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದು ರಾಜ್ಯದಲ್ಲಿದ್ದುವು. ನಿಜಾಮನ ಕಾಲದಲ್ಲಿ ಇಂಜಿನಿಯರಿಂಗ್ ಓದಬೇಕೆಂಬ ಇಲ್ಲಿಯ ಹುಡುಗನ ಮುಂದಿದ್ದ ಕಾಲೇಜು 1929ರಲ್ಲಿ ತೆರೆದ ಉಸ್ಮಾನಿಯಾದ್ದು. ಕನ್ನಡ ಮನೆಯವನು ಮೊದಲು ಉರ್ದುವನ್ನು ಗೆದ್ದು, ಆಮೇಲೆ ಗಣಿತವನ್ನು ಗೆಲ್ಲಬೇಕಿತ್ತು. 1958ರಲ್ಲಿ ಕಲಬುರಗಿಯಲ್ಲಿ ಕಾಲೇಜು ಪ್ರಾರಂಭವಾಯಿತು. ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಗೆ ಬಂದು ಈ ಪ್ರದೇಶದ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನಗಳು ಇಲ್ಲಿಯವರಿಗೇ ಮೀಸಲಾದುವು. ಬಾಗಿಲು ತೆರೆದಿದೆ, ಸಂತೋಷ. ಆದರೆ ಬಾಗಿಲ ವರೆಗಿನ ದಾರಿ? 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ನ್ನೂ ಮುಟ್ಟಿರಲಿಲ್ಲ, ರಾಜ್ಯದಲ್ಲೇ ಕೊನೆ. 2024ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ನೂರಕ್ಕೆ 50.59, ಅಲ್ಲಿಯೂ ಕೊನೆ. ಗಣಿತದ ಮಾಸ್ತರನಿಲ್ಲದ ಶಾಲೆಗೆ ಯಾವ ವಿಧಿಯೂ ತ್ರಿಕೋನಮಿತಿಯನ್ನು ಕಲಿಸಲಾರದು.

ಹುಡುಗ ಹತ್ತನೆಯ ತರಗತಿಯನ್ನು ಸಾಧಾರಣ ಅಂಕಗಳಿಂದ ದಾಟಿ ಪಾಲಿಟೆಕ್ನಿಕ್ ಸೇರಿದ. ಕನ್ನಡದಲ್ಲಿ ಬಲ್ಲ ವಿಷಯವನ್ನೇ ಇಂಗ್ಲಿಷಿನಲ್ಲಿ ಬರೆಯಲಾರದೆ ಮೊದಲ ವರ್ಷ ಎರಡು ವಿಷಯಗಳಲ್ಲಿ ಕುಸಿದ. ಪುಸ್ತಕದ ಅಂಚಿನಲ್ಲೆಲ್ಲ ಕನ್ನಡದ ಅರ್ಥ ಬರೆದುಕೊಂಡು ಮತ್ತೆ ಕಟ್ಟಿ ಪಾಸಾದ. ಡಿಪ್ಲೊಮಾ ಮುಗಿದ ಮೇಲೆ ಒಂದು ವರ್ಷ ರಸ್ತೆ ಕೆಲಸದಲ್ಲಿ ಲೆಕ್ಕ ಬರೆದು ಮನೆಯ ಸಾಲ ತೀರಿಸಿ, ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದ. ಹೇಳಲು ನಾಲ್ಕು ವಾಕ್ಯ. ನಡೆಯಲು ಐದು ವರ್ಷ.

ಈಗ ಕೊನೆಯ ವರ್ಷ. ಪ್ರಬಂಧಕ್ಕೆ ಅವನು ಆರಿಸಿಕೊಂಡದ್ದು ತನ್ನೂರಿನ ಉಪಕಾಲುವೆಯನ್ನೇ. 2023ರ ಜನವರಿಯಲ್ಲಿ ಕೊಡೇಕಲ್ಲಿನಲ್ಲಿ ಉದ್ಘಾಟನೆಯಾದ ಆಧುನೀಕರಣದಿಂದ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಲ್ಲಿ ಕುಳಿತೇ ಎತ್ತಿಳಿಸುವ ವ್ಯವಸ್ಥೆ ಬಂದಿದೆ. ಆದರೂ ಅವರ ಹೊಲ ಕಾಲುವೆಯ ಕೊನೆಯಂಚಿನಲ್ಲಿದೆ, ನೀರು ಅಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ದಂಡೆಯಲ್ಲಿ ನೂರು ಅಡಿ ಅಳೆದು, ಜೋಳದ ದಂಟಿನ ತುಂಡನ್ನು ತೇಲಬಿಟ್ಟು, ಗಡಿಯಾರ ನೋಡಿದ. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಿ, ನೀರಿನ ಅಗಲ ಆಳಗಳಿಂದ ಮತ್ತೆ ಗುಣಿಸಿ, ತಲೆಯಲ್ಲಿ ಎಷ್ಟು, ಕೊನೆಯಲ್ಲಿ ಎಷ್ಟು ಎಂದು ಲೆಕ್ಕ ಕಟ್ಟಿದ. ಎರಡೂ ತಾಳೆಯಾಗಲಿಲ್ಲ. ಇಂಗಿದ್ದು, ಆವಿಯಾದದ್ದು ಕಳೆದರೂ ಆಗಲಿಲ್ಲ. ದಂಡೆಗುಂಟ ನಡೆದು ನೋಡಿದರೆ ಕಾರಣ ಕಣ್ಣಿಗೇ ಬಿತ್ತು. ಲಘು ನೀರಾವರಿ ಬೆಳೆಗಳಿಗೆಂದು ಯೋಜಿಸಿದ ನೀರಿನಲ್ಲಿ ಮೇಲಿನ ಹೊಲಗಳವರು ಭತ್ತ ನಾಟಿದ್ದರು. ಅಲ್ಲಲ್ಲಿ ಪಂಪುಗಳು ಕುಳಿತಿದ್ದುವು.

ಅವನು ಪಂಪುಗಳಿಗೆಲ್ಲ ಅಂಕಿ ಕೊಟ್ಟು, ಎದುರಿಗೆ ಹೊಲದವರ ಹೆಸರು ಬರೆದ ಪಟ್ಟಿಯನ್ನು ತಂದೆ ನೋಡಿದರು. “ಅಳತಿ ಬರಿ, ಹೆಸರ ಬರೀಬ್ಯಾಡಪ್ಪ. ನಾಳಿ ಅವರ ಹೊಲದಾಗ ಹಾದೇ ನಮ್ಮ ಬಂಡಿ ಹೋಗಬೇಕು,” ಎಂದರಂತೆ. ಅದು ಅಂಜಿಕೆಯೋ ವಿವೇಕವೋ, ತೀರ್ಪು ಕೊಡಲು ನಾನು ಆ ಊರಿನವನಲ್ಲ.

ಹೋದ ತಿಂಗಳು ಮನೆಗೆ ಬಂದು ನಕಾಶೆಯನ್ನು ನನ್ನ ಮೇಜಿನ ಮೇಲೆ ಹಾಸಿದ. ಕಾಲುವೆ ನೀಲಿಯಲ್ಲಿ ಡೊಂಕುಡೊಂಕಾಗಿ ಹರಿದಿತ್ತು. ಪಂಪುಗಳಿದ್ದ ಕಡೆ ಕೆಂಪು ಚುಕ್ಕೆಗಳು. ಪ್ರತಿಯೊಂದರ ಕೆಳಗೂ ಅದು ಎತ್ತುವ ನೀರಿನ ಪ್ರಮಾಣ, ಹೆಸರಿಲ್ಲ. ಕೊನೆಯ ಚುಕ್ಕೆ ಅವರ ಹೊಲಕ್ಕೆ ತೀರ ಹತ್ತಿರದಲ್ಲಿತ್ತು. ಅದು ಯಾರದೆಂದು ಕೇಳಿದೆ. “ನಮ್ಮ ಸೋದರಮಾವಂದ್ರೀ ಸರ,” ಎಂದು ನಕಾಶೆ ಸುತ್ತಿಕೊಂಡ.