ಗರ್ಭಕೋಶದ ಗಡ್ಡೆ: ಕ್ಯಾನ್ಸರ್ ಭಯ ಬೇಡ, ರಕ್ತಸ್ರಾವ ಕಡೆಗಣಿಸಬೇಡಿ

ಕೊಯಮತ್ತೂರು, ತಿರುಪ್ಪೂರು ಕಡೆಯ ಆಸ್ಪತ್ರೆಯಲ್ಲಿ 'ಕರ್ಪಪ್ಪೈ ಕಟ್ಟಿ' ಎನ್ನುತ್ತಾರೆ, ಸ್ಕ್ಯಾನ್ ವರದಿಯಲ್ಲಿ 'ಫೈಬ್ರಾಯ್ಡ್' ಎಂದಿರುತ್ತದೆ. ಮನೆಗೆ ಬಂದು ಕನ್ನಡದಲ್ಲಿ ಹೇಳುವಷ್ಟರಲ್ಲಿ ಅದು ಕ್ಯಾನ್ಸರ್ ಆಗಿಬಿಟ್ಟಿರುತ್ತದೆ! ವಾಸ್ತವವಾಗಿ ಇದು ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು. ಫೈಬ್ರಾಯ್ಡ್‌ನಂತೆ ಕಂಡದ್ದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ.

ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳಿಂದ ಇದು ಬೆಳೆಯುತ್ತದೆ. ಆದ್ದರಿಂದಲೇ 30ರಿಂದ 50 ವರ್ಷದೊಳಗಿನವರಲ್ಲಿ ಹೆಚ್ಚು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಎಷ್ಟೋ ಮಹಿಳೆಯರಿಗೆ ಗಡ್ಡೆ ಇರುವುದೇ ತಿಳಿಯುವುದಿಲ್ಲ. ಗಾತ್ರದಷ್ಟೇ ಜಾಗವೂ ಮುಖ್ಯ. ಗರ್ಭಕೋಶದ ಒಳಭಾಗಕ್ಕೆ ಚಾಚಿದ ಸಣ್ಣ ಗಡ್ಡೆಯೂ ವಿಪರೀತ ರಕ್ತಸ್ರಾವ ಉಂಟುಮಾಡಬಹುದು, ಗರ್ಭ ನಿಲ್ಲಲು ಅಡ್ಡಿಯಾಗಬಹುದು. ಹೊರಗೋಡೆಯ ದೊಡ್ಡ ಗಡ್ಡೆ ಮೂತ್ರಕೋಶವನ್ನು ಒತ್ತಿ ಪದೇ ಪದೇ ಮೂತ್ರಕ್ಕೆ ಹೋಗುವಂತೆ ಮಾಡಬಹುದು.

ಹೆಚ್ಚಿನವರಿಗೆ ಎದುರಾಗುವ ಅಪಾಯ ರಕ್ತಹೀನತೆ, ತಮಿಳಿನ 'ರತ್ತಸೋಗೈ'. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣ ಹಲವು. ಆದರೆ ಮೊದಲೇ ರಕ್ತ ಕಡಿಮೆ ಇರುವವರಿಗೆ ಪ್ರತಿ ತಿಂಗಳೂ ಅತಿಯಾಗಿ ರಕ್ತ ಹೋದರೆ ದೇಹ ತಡೆಯುವುದಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದಿನವಿಡೀ ದುಡಿಯುವ ಮಹಿಳೆ ಸುಸ್ತು, ತಲೆಸುತ್ತು, ಏದುಸಿರನ್ನು ಕೆಲಸದ ದಣಿವೆಂದೇ ತಿಳಿಯುವುದು ಸಹಜ. ಮುಟ್ಟು 7 ದಿನ ದಾಟಿದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ಗಂಟೆಗೊಂದು ಪ್ಯಾಡ್ ಬದಲಿಸಬೇಕಾದರೆ ತಡಮಾಡಬಾರದು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ.

ಗಡ್ಡೆ ಎಂದಕೂಡಲೇ ಗರ್ಭಕೋಶ ತೆಗೆಸಬೇಕೆಂಬುದು ಸರಿಯಲ್ಲ. ತೊಂದರೆ ಇಲ್ಲದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕಾಗಬಹುದು. ರಕ್ತಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನು ಇರುವ ಗರ್ಭಕೋಶದ ಸಾಧನಗಳಿವೆ. ಮಕ್ಕಳು ಬೇಕೆನ್ನುವವರಿಗೆ ಗಡ್ಡೆಯನ್ನು ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಅಳವಡಿಸಿಕೊಳ್ಳಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಸಂಶಯವಿದ್ದರೆ ಸ್ಕ್ಯಾನ್ ವರದಿಯೊಂದಿಗೆ ಕೊಯಮತ್ತೂರು ಅಥವಾ ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಎರಡನೇ ಅಭಿಪ್ರಾಯ ಕೇಳಬಹುದು.

ಆದರೆ ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಹಳೆಯ ಗಡ್ಡೆಯದ್ದೇ ಇರಬೇಕೆಂದು ಸುಮ್ಮನಿರದೆ ಕೂಡಲೇ ವೈದ್ಯರಿಗೆ ತೋರಿಸಬೇಕು.